ಅಟ್ಟದ ಲ್ಯಾಪ್‌ಟಾಪಿಗೆ ಹಿಂದಿನ ಸೀಟಿನ ಕೆಲಸ

ಒಂದು ಕಾಲದಲ್ಲಿ ಬೆಂಗಳೂರಿನಿಂದ ಮಂಗಳೂರಿಗೋ ಹುಬ್ಬಳ್ಳಿಗೋ ಹೊರಡುವ ಖಾಸಗಿ ಬಸ್ಸುಗಳ ಮೈಮೇಲೆ ‘ವಿಡಿಯೊ ಕೋಚ್’ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತಿತ್ತು. ಚಾಲಕನ ಹಿಂದೆ ಮೇಲ್ಗಡೆ ಬಿಗಿದ ಟಿ.ವಿ., ಪಕ್ಕದಲ್ಲೊಂದು ವಿ.ಸಿ.ಆರ್. ಊರು ದಾಟಿದ ಮೇಲೆ ಕ್ಲೀನರ್ ಕ್ಯಾಸೆಟ್ ತೂರಿಸಿದರೆ ಮುಗಿಯಿತು, ಬೇಕಾದವರೂ ಬೇಡವಾದವರೂ ಅದೇ ಸಿನಿಮಾ ನೋಡಬೇಕು. ಸಿನಿಮಾ ಮುಗಿದರೆ ದೀಪ ಆರಿಸಿ ಎಲ್ಲರೂ ನಿದ್ದೆಗೆ ಜಾರುತ್ತಿದ್ದರು. ಅಮೆರಿಕದಲ್ಲಿ 1999ರ ಓಲ್ಡ್ಸ್‌ಮೊಬೈಲ್ ಸಿಲೂಯೆಟ್ ಪ್ರೀಮಿಯರ್ ಎಂಬ ಮಿನಿವ್ಯಾನ್ ಕಾರ್ಖಾನೆಯಿಂದಲೇ ವಿ.ಸಿ.ಆರ್. ಮತ್ತು ಚಾವಣಿಯಿಂದ ಇಳಿಬಿಡುವ ಪರದೆಯೊಡನೆ ಬಂದಾಗ ಅದನ್ನು ಐಷಾರಾಮ ಎಂದು ಮಾರಿದರು. ನಮ್ಮ ರಾತ್ರಿ ಬಸ್ಸಿನ ಪ್ರಯಾಣಿಕರಿಗೆ ಅದು ಆಗಲೇ ಹಳೆಯ ಸಂಗತಿ.

ಇವತ್ತು ಕಾರಿನ ಹಿಂದಿನ ಸೀಟಿನಲ್ಲಿ ಮಕ್ಕಳು ರಾಗ ತೆಗೆದರೆ ಮುಂದಿನ ಸೀಟಿನಿಂದ ಹೋಗುವುದು ಮೊಬೈಲ್. ಅದರ ಕಷ್ಟಗಳು ಗೊತ್ತಿರುವುದೇ. ಮಕ್ಕಳು ಇಬ್ಬರು, ಮೊಬೈಲ್ ಒಂದು. ದಾರಿ ನೋಡಲಿಕ್ಕೂ ಅದೇ ಬೇಕು. ಸಕಲೇಶಪುರ ದಾಟಿದರೆ ನೆಟ್‌ವರ್ಕ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ; ಚಿತ್ರ ನಿಂತಲ್ಲೇ ಸುತ್ತತೊಡಗಿದಾಗ ಅಳು ಮೊದಲಾಗುತ್ತದೆ. ನೆಟ್‌ವರ್ಕ್ ಚೆನ್ನಾಗಿದ್ದರೆ ಇನ್ನೊಂದು ತಾಪತ್ರಯ: ಒಂದು ವಿಡಿಯೊ ಮುಗಿಯುವ ಮೊದಲೇ ಇನ್ನೊಂದು ಕಾದು ನಿಂತಿರುತ್ತದೆ. ಸಾಕು ಎನ್ನುವ ಹಂತವೇ ಬರುವುದಿಲ್ಲ.

ಇದೇ ಹೊತ್ತಿನಲ್ಲಿ ಅನೇಕ ಮನೆಗಳ ಅಟ್ಟದಲ್ಲಿ, ಬೀರುವಿನ ತಳದಲ್ಲಿ ಹಳೆಯ ಲ್ಯಾಪ್‌ಟಾಪ್ ಕೂತಿದೆ. ವಿಂಡೋಸ್ 10ಕ್ಕೆ ಮೈಕ್ರೊಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕೋಣವೆಂದರೆ ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನ ಪ್ರೊಸೆಸರ್ ಬೇಕು. ಹೀಗಾಗಿ ಕೀಲಿ, ಪರದೆ, ಸ್ಪೀಕರ್ ಎಲ್ಲ ಸರಿಯಿದ್ದ ಯಂತ್ರಗಳೂ ಮೂಲೆ ಸೇರಿದವು. ಬ್ಯಾಂಕ್ ವ್ಯವಹಾರಕ್ಕೆ ಅವುಗಳನ್ನು ಬಳಸದಿರುವುದೇ ಲೇಸು. ಆದರೆ ಹತ್ತು ವರ್ಷದ ಹಿಂದೆ ಸಿನಿಮಾ ತೋರಿಸುತ್ತಿದ್ದ ಪೆಟ್ಟಿಗೆ ಈಗಲೂ ತೋರಿಸುತ್ತದೆ. ಇಂಟರ್ನೆಟ್ಟಿಗೆ ಜೋಡಿಸದೆ, ನಾವು ತುಂಬಿದ್ದನ್ನಷ್ಟೇ ತೋರಿಸುವ, ತುಂಬಿದ್ದು ಮುಗಿದರೆ ಸುಮ್ಮನಾಗುವ ಯಂತ್ರ ಮಕ್ಕಳ ಪ್ರಯಾಣಕ್ಕೆ ಮೊಬೈಲಿಗಿಂತ ಎಷ್ಟೋ ವಾಸಿ. ಅದರ ಬಡತನವೇ ಇಲ್ಲಿ ಅದರ ಗುಣ.

ಸಿನಿಮಾ ತೋರಿಸುವುದು ಲ್ಯಾಪ್‌ಟಾಪಿಗೆ ಸುಲಭ. ಕಾರಿನೊಳಗೆ ಬದುಕುವುದು ಕಷ್ಟ. ಬಿಸಿಲು, ಗುಂಡಿ, ಹನ್ನೆರಡು ವೋಲ್ಟಿನ ವಿದ್ಯುತ್ತು, ಹಠಾತ್ ಬ್ರೇಕು, ಘಾಟಿಯ ತಿರುವು ಯಾವುದನ್ನೂ ಮನಸ್ಸಿನಲ್ಲಿಟ್ಟು ಅದನ್ನು ಮಾಡಿದ್ದಲ್ಲ. ಕೆಲಸವೆಲ್ಲ ಇರುವುದು ಅಲ್ಲಿ.

ಮೊದಲು ಬ್ಯಾಟರಿ ನೋಡಿ

ಲ್ಯಾಪ್‌ಟಾಪನ್ನು ಸಮತಟ್ಟಾದ ಮೇಜಿನ ಮೇಲಿಡಿ. ಒಂದು ಮೂಲೆ ಎದ್ದು ಅಲುಗಾಡುತ್ತಿದೆಯೆ? ಟಚ್‌ಪ್ಯಾಡ್ ಉಬ್ಬಿ ಒತ್ತಲು ಬಿಗಿಯಾಗಿದೆಯೆ? ಕೀಲಿಮಣೆಯ ನಡುಭಾಗ ಗುಬುಟಾಗಿದೆಯೆ? ಹೌದಾದರೆ ಒಳಗಿನ ಲಿಥಿಯಂ ಬ್ಯಾಟರಿ ಊದಿಕೊಂಡಿದೆ ಎಂದರ್ಥ. ಅದನ್ನು ಚುಚ್ಚದೆ, ಒತ್ತದೆ, ರಿಪೇರಿ ಅಂಗಡಿಯಲ್ಲಿ ತೆಗೆಸಿಬಿಡಿ. ಅಂಥ ಬ್ಯಾಟರಿ ಇರುವ ಯಂತ್ರ ಕಾರು ಹತ್ತಲೇಬಾರದು.

ಕಾರಣ ಬಿಸಿಲು. ನಿಲ್ಲಿಸಿದ ಕಾರಿನ ಒಳಗಿನ ಉಷ್ಣತೆಯ ಬಗ್ಗೆ ಸ್ಟ್ಯಾನ್‌ಫರ್ಡ್‌ನ ವೈದ್ಯರು ನಡೆಸಿದ ಅಧ್ಯಯನವೊಂದು 2005ರಲ್ಲಿ ಪ್ರಕಟವಾಯಿತು. ಒಂದು ಗಂಟೆಯಲ್ಲಿ ಒಳಗಿನ ಉಷ್ಣತೆ ಸರಾಸರಿ 22 ಡಿಗ್ರಿ ಸೆಲ್ಸಿಯಸ್ ಏರಿತ್ತು, ಅದರಲ್ಲಿ ಶೇ 80ರಷ್ಟು ಏರಿಕೆ ಮೊದಲ ಅರ್ಧ ಗಂಟೆಯಲ್ಲೇ ಆಗಿತ್ತು. ಕಿಟಕಿಯನ್ನು ಸ್ವಲ್ಪ ಇಳಿಸಿಟ್ಟರೂ ಹೆಚ್ಚು ಪ್ರಯೋಜನವಾಗಲಿಲ್ಲ. ಏಪ್ರಿಲ್ ತಿಂಗಳ ಮಂಗಳೂರಿನಲ್ಲೋ ಕಲಬುರಗಿಯಲ್ಲೋ ಹೊರಗೇ 35 ಡಿಗ್ರಿ ದಾಟಿದ್ದರೆ ಒಳಗಿನ ಲೆಕ್ಕ ನೀವೇ ಹಾಕಿ. ಲಿಥಿಯಂ ಬ್ಯಾಟರಿಯನ್ನು 45 ಡಿಗ್ರಿಯ ಮೇಲೆ ಚಾರ್ಜ್ ಮಾಡಬಾರದು, ಸುಮ್ಮನೆ ಇಡುವುದಕ್ಕೂ 60 ಡಿಗ್ರಿ ಎಂಬುದು ಸಾಮಾನ್ಯ ಮಿತಿ. ಆದ್ದರಿಂದ ಊಟಕ್ಕೆ ನಿಂತರೂ ದೇವಸ್ಥಾನಕ್ಕೆ ಹೋದರೂ ಯಂತ್ರ ನಿಮ್ಮ ಜೊತೆ ಇಳಿಯಬೇಕು. ಮಗುವನ್ನು ಒಂದು ನಿಮಿಷಕ್ಕೂ ಮುಚ್ಚಿದ ಕಾರಿನಲ್ಲಿ ಬಿಡಬಾರದು ಎನ್ನುವುದಕ್ಕೂ ಇದೇ ಕಾರಣ.

ಬ್ಯಾಟರಿ ಆರೋಗ್ಯವಾಗಿದ್ದರೆ ಇರಲಿ. ಅದು ಮನೆಯ ಯುಪಿಎಸ್ ಮಾಡುವ ಕೆಲಸ ಮಾಡುತ್ತದೆ. ಕಾರು ಸ್ಟಾರ್ಟ್ ಆಗುವ ಕ್ಷಣದಲ್ಲಿ ಅನೇಕ ಕಾರುಗಳ ಸಾಕೆಟ್ಟಿಗೆ ವಿದ್ಯುತ್ ಕಡಿಯುತ್ತದೆ. ಸಿಗ್ನಲಿನಲ್ಲಿ ತಾನಾಗಿ ಎಂಜಿನ್ ಆರಿ ಹೊತ್ತಿಕೊಳ್ಳುವ ಕಾರುಗಳಲ್ಲಿ ಇದು ಮತ್ತೆ ಮತ್ತೆ ಆಗಬಹುದು. ಬ್ಯಾಟರಿ ತೆಗೆಸಿದ್ದರೆ ಎಂಜಿನ್ ಶುರುವಾದ ಮೇಲೆ ಲ್ಯಾಪ್‌ಟಾಪ್ ಆನ್ ಮಾಡಿ, ಎಂಜಿನ್ ನಿಲ್ಲಿಸುವ ಮೊದಲು ಆಫ್ ಮಾಡಿ. ಬ್ಯಾಟರಿ ಇಲ್ಲದೆ ಬರೀ ಅಡಾಪ್ಟರಿನಲ್ಲಿ ನಡೆಯುತ್ತದೆಯೇ ಎಂಬುದನ್ನು ಮಾತ್ರ ಮನೆಯಲ್ಲೇ ನೋಡಿಕೊಳ್ಳಿ; ಕೆಲವು ಯಂತ್ರಗಳು ಒಪ್ಪುವುದಿಲ್ಲ.

ಗುಂಡಿ ರಸ್ತೆ ಮತ್ತು ಹಾರ್ಡ್ ಡಿಸ್ಕ್

ಹಳೆಯ ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕಿನೊಳಗೆ ನಿಮಿಷಕ್ಕೆ 5400 ಸಲ ತಿರುಗುವ ತಟ್ಟೆಯಿದೆ. ಅದನ್ನು ಓದುವ ತಲೆ ತಟ್ಟೆಗೆ ತಾಗದೆ, ಕೆಲವೇ ನ್ಯಾನೊಮೀಟರ್ ಮೇಲೆ ತೇಲುತ್ತಿರುತ್ತದೆ. ಬಿದ್ದರೆ ಕೆಡುತ್ತದೆ ಎಂದು ತಿಳಿದೇ ಐಬಿಎಂ 2003ರಲ್ಲಿ ಥಿಂಕ್‌ಪ್ಯಾಡ್‌ಗಳಿಗೆ ಚಲನೆ ಗುರುತಿಸಿ ಆ ತಲೆಯನ್ನು ಪಕ್ಕಕ್ಕೆ ಸರಿಸುವ ವ್ಯವಸ್ಥೆ ತಂದಿತು. ಆದರೆ ಆ ವ್ಯವಸ್ಥೆಯಿದ್ದರೂ ನಮ್ಮ ರಸ್ತೆಯ ಪ್ರತಿ ಗುಂಡಿಗೂ ಹಂಪಿಗೂ ತಲೆ ಸರಿಯುತ್ತ ಕೂತರೆ ಸಿನಿಮಾ ತಡವರಿಸುತ್ತದೆ. ಇಲ್ಲದಿದ್ದರೆ ಒಂದು ದಿನ ಡಿಸ್ಕೇ ಹೋಗುತ್ತದೆ.

ಇದಕ್ಕೆ ಪರಿಹಾರ ಎಸ್‌ಎಸ್‌ಡಿ. ತಿರುಗುವ ಭಾಗವೇ ಇಲ್ಲದ್ದರಿಂದ ಕುಲುಕಾಟಕ್ಕೆ ಅಂಜುವುದಿಲ್ಲ. ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ ಹಳೆಯ ಡಿಸ್ಕಿನ ಜಾಗದಲ್ಲೇ ಕೂರುತ್ತದೆ. ನಾಲ್ಕು ತಿರುಪು, ಅರ್ಧ ಗಂಟೆಯ ಕೆಲಸ. 120 ಜಿಬಿಯದು ಸಾಕು. ಹಳೆಯ ಲ್ಯಾಪ್‌ಟಾಪುಗಳ ಪರದೆ ಹೆಚ್ಚಾಗಿ 1366×768 ಚುಕ್ಕಿಗಳದ್ದಾದ್ದರಿಂದ 720ಪಿ ಗಾತ್ರದ ಸಿನಿಮಾ ಸಾಕಾಗುತ್ತದೆ. ಎರಡು ಗಂಟೆಯ ಸಿನಿಮಾ ಒಂದೂವರೆ ಜಿಬಿ ಎಂದರೂ ಅರವತ್ತು ಸಿನಿಮಾ ಹಿಡಿಯುತ್ತದೆ. ಅಷ್ಟನ್ನೂ ತುಂಬಬೇಡಿ, ಆ ಮಾತು ಮುಂದೆ ಬರುತ್ತದೆ.

ತಂತ್ರಾಂಶದ ವಿಷಯಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಯಂತ್ರ ಇಂಟರ್ನೆಟ್ಟಿಗೆ ಹೋಗುವುದೇ ಇಲ್ಲವಾದರೆ ಇರುವ ವಿಂಡೋಸ್ ಇದ್ದರೂ ನಡೆಯುತ್ತದೆ. ಅದು ತೀರಾ ನಿಧಾನ ಎನಿಸಿದರೆ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಅಥವಾ ಲುಬುಂಟು ಹಾಕಿಕೊಳ್ಳಿ. ಸಿನಿಮಾ ತೋರಿಸಲು ವಿಎಲ್‌ಸಿ. ಪ್ಯಾರಿಸ್ಸಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳು 1996ರಲ್ಲಿ ಶುರು ಮಾಡಿದ ಈ ತಂತ್ರಾಂಶ ಉಚಿತ, ಮುಕ್ತ. ಎಂಥ ಹಳೆಯ ಕಡತ ಕೊಟ್ಟರೂ ಸಾಮಾನ್ಯವಾಗಿ ಬೇಡ ಎನ್ನುವುದಿಲ್ಲ. ಪಾಸ್‌ವರ್ಡ್ ಕೇಳದಂತೆ, ಆನ್ ಆದೊಡನೆ ವಿಎಲ್‌ಸಿ ತೆರೆದು ಪಟ್ಟಿ ಪೂರ್ಣ ಪರದೆಯಲ್ಲಿ ಓಡುವಂತೆ ಒಮ್ಮೆ ಹೊಂದಿಸಿದರೆ, ದಾರಿಯಲ್ಲಿ ಕೀಲಿಮಣೆ ಮುಟ್ಟುವ ಪ್ರಮೇಯವೇ ಬರದು. ನಿಲ್ಲಿಸುವುದಕ್ಕೂ ಮುಂದುವರಿಸುವುದಕ್ಕೂ ಒಂದು ವೈರ್‌ಲೆಸ್ ಮೌಸ್ ಸಾಕು. ಅದು ಮುಂದಿನ ಎಡ ಸೀಟಿನಲ್ಲಿ ಕೂತ ಹಿರಿಯರ ಕೈಯಲ್ಲಿರಲಿ, ಓಡಿಸುವವರ ಕೈಯಲ್ಲಿ ಬೇಡ.

ಒಂದೇ ಎಚ್ಚರಿಕೆ: ಈಚಿನ ಮೊಬೈಲುಗಳಲ್ಲಿ ತೆಗೆದ ವಿಡಿಯೊ ಹಲವು ಸಲ ಎಚ್‌.265 ಎಂಬ ಹೊಸ ಮಾದರಿಯಲ್ಲಿರುತ್ತದೆ. 2015ಕ್ಕಿಂತ ಹಳೆಯ ಲ್ಯಾಪ್‌ಟಾಪುಗಳಲ್ಲಿ ಅದನ್ನು ಬಿಡಿಸುವ ಯಂತ್ರಾಂಶ ಇರುವುದಿಲ್ಲ. ಎಲ್ಲ ಹೊರೆ ಪ್ರೊಸೆಸರಿನ ಮೇಲೆ ಬಿದ್ದು ಯಂತ್ರ ಕಾಯುತ್ತದೆ, ಚಿತ್ರ ಕುಂಟುತ್ತದೆ. ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ ಅದನ್ನು ಹಳೆಯ ಎಚ್‌.264ಕ್ಕೆ ಬದಲಾಯಿಸಿ ತುಂಬಿ.

ಹನ್ನೆರಡು ವೋಲ್ಟಿನ ಲೆಕ್ಕ

ಕಾರಿನ ವಿದ್ಯುತ್ತು 12 ವೋಲ್ಟ್, ಲ್ಯಾಪ್‌ಟಾಪ್ ಕೇಳುವುದು ಸಾಮಾನ್ಯವಾಗಿ 19 ಅಥವಾ 20 ವೋಲ್ಟ್. ಈ ಅಂತರ ದಾಟಲು ಎರಡು ದಾರಿಯಿವೆ. ಒಂದು, ಸಿಗರೇಟ್ ಲೈಟರ್ ಸಾಕೆಟ್ಟಿಗೆ ಸಣ್ಣ ಇನ್ವರ್ಟರ್ ಸಿಕ್ಕಿಸಿ 230 ವೋಲ್ಟ್ ಮಾಡಿಕೊಂಡು, ಅದಕ್ಕೆ ಮನೆಯ ಚಾರ್ಜರ್ ಹಾಕುವುದು. ಹನ್ನೆರಡನ್ನು ಇನ್ನೂರಮೂವತ್ತಕ್ಕೆ ಏರಿಸಿ ಮತ್ತೆ ಹತ್ತೊಂಬತ್ತಕ್ಕೆ ಇಳಿಸುವ ಈ ದಾರಿಯಲ್ಲಿ ಎರಡು ಸಲ ಸೋರಿಕೆ. ಜೊತೆಗೆ ಇನ್ವರ್ಟರಿನ ಫ್ಯಾನ್ ಸದ್ದು, ಮಕ್ಕಳ ಕೈಯಳತೆಯಲ್ಲಿ 230 ವೋಲ್ಟ್. ಇನ್ನೊಂದು, 12ನ್ನು ನೇರ 19ಕ್ಕೆ ಏರಿಸುವ ಕಾರ್ ಚಾರ್ಜರ್. ಮಕ್ಕಳಿರುವ ಕಾರಿಗೆ ಇದೇ ಸರಿ.

ಕೊಳ್ಳುವ ಮೊದಲು ಮನೆಯ ಚಾರ್ಜರ್ ತಿರುಗಿಸಿ ಅದರ ಚೀಟಿ ಓದಿ. 19.5 ವೋಲ್ಟ್, 3.34 ಆಂಪಿಯರ್ ಎಂದಿದ್ದರೆ ಅದು 65 ವ್ಯಾಟ್. ಕಾರ್ ಚಾರ್ಜರಿನ ವೋಲ್ಟೇಜ್ ಅಷ್ಟೇ ಇರಬೇಕು, ಆಂಪಿಯರ್ ಅಷ್ಟು ಅಥವಾ ಅದಕ್ಕಿಂತ ಹೆಚ್ಚಿರಬಹುದು. ಪಿನ್ ಗಾತ್ರ ಹೊಂದಬೇಕು. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಹುಡುಕುವವರು ಹಳೆಯ ಚಾರ್ಜರನ್ನೇ ಜೊತೆಗೆ ಒಯ್ದು ತೋರಿಸಿದರೆ ಮಾತು ಉಳಿಯುತ್ತದೆ.

ಸಾಕೆಟ್ಟಿಗೆ ಇದು ಭಾರವೇ? ಅನೇಕ ಕಾರುಗಳಲ್ಲಿ ಸಾಕೆಟ್ಟಿನ ಮುಚ್ಚಳದ ಮೇಲೆ ‘120 ವ್ಯಾಟ್’ ಎಂದು ಬರೆದಿರುತ್ತದೆ. ಸಿನಿಮಾ ತೋರಿಸುವಾಗ ಹಳೆಯ ಲ್ಯಾಪ್‌ಟಾಪ್ ಸುಮಾರು 30 ವ್ಯಾಟ್ ಎಳೆಯುತ್ತದೆ, ಬ್ಯಾಟರಿಯೂ ಚಾರ್ಜ್ ಆಗುತ್ತಿದ್ದರೆ ಅದರ ಎರಡರಷ್ಟು. ಎಂಜಿನ್ ಓಡುತ್ತಿರುವಾಗ ಚಿಂತೆಯಿಲ್ಲ. ನಿಲ್ಲಿಸಿದಾಗ ಲೆಕ್ಕ ಬೇರೆ. ಚಿಕ್ಕ ಕಾರಿನ 35 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ತುಂಬಿದಾಗ ಇರುವುದು 420 ವ್ಯಾಟ್-ಅವರ್. ಕಾಗದದ ಮೇಲೆ ಹನ್ನೆರಡು ಗಂಟೆಗೂ ಮೇಲೆ ಸಾಕು. ಆದರೆ ಕಾರಿನ ಬ್ಯಾಟರಿ ಇರುವುದು ಸ್ಟಾರ್ಟರಿಗೆ ಕ್ಷಣಕಾಲ ದೊಡ್ಡ ಬಲ ಕೊಡಲು. ತಳ ಕಾಣುವವರೆಗೆ ಬಳಸಿದರೆ ಅದು ಬೇಗ ಸಾಯುತ್ತದೆ. ಎರಡು ಮೂರು ವರ್ಷ ಹಳೆಯದಾದರಂತೂ ಗಂಟೆಗಟ್ಟಲೆ ಎಂಜಿನ್ ಆರಿಸಿ ಸಿನಿಮಾ ಹಾಕಿದರೆ ಕಾರನ್ನು ತಳ್ಳುವ ಸರದಿ ನಿಮ್ಮದು.

ಎಲ್ಲಿ ಕಟ್ಟುವುದು?

ಇಡೀ ಕೆಲಸದಲ್ಲಿ ಅತ್ಯಂತ ಗಂಭೀರ ಪ್ರಶ್ನೆ ಇದು. ಹಳೆಯ ಲ್ಯಾಪ್‌ಟಾಪ್ ಎರಡೂವರೆ ಕೆ.ಜಿ. ತೂಗುತ್ತದೆ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಹೋಗುವ ಕಾರು ಏನಕ್ಕಾದರೂ ಗುದ್ದಿ ನಿಂತರೆ, ಕಟ್ಟದೆ ಇಟ್ಟ ವಸ್ತು ಅದೇ ವೇಗದಲ್ಲಿ ಮುಂದಕ್ಕೆ ಹಾರುತ್ತದೆ. 25 ಮೀಟರ್, ಅಂದರೆ ಹೆಚ್ಚುಕಡಿಮೆ ಎಂಟು ಮಹಡಿ ಎತ್ತರದಿಂದ ಬಿಟ್ಟ ಲ್ಯಾಪ್‌ಟಾಪ್ ನೆಲ ಮುಟ್ಟುವ ವೇಗವೂ ಅಷ್ಟೇ. ತೊಡೆಯ ಮೇಲೆ, ಹಿಂದಿನ ಗಾಜಿನ ಕೆಳಗಿನ ಹಲಗೆಯ ಮೇಲೆ, ಎರಡು ಸೀಟಿನ ನಡುವೆ ದಿಂಬಿಟ್ಟು ಅದರ ಮೇಲೆ — ಇವೆಲ್ಲ ಬೇಡ.

ಮುಂದಿನ ಸೀಟಿನ ಬೆನ್ನಿಗೆ ನೇತುಹಾಕುವುದು ಸಾಮಾನ್ಯ ಉಪಾಯ. ಇದಕ್ಕೆ ಲ್ಯಾಪ್‌ಟಾಪಿನ ಹಿಂಜ್ ಬಿಚ್ಚಿ, ಪರದೆಯನ್ನು ಹೊರಮುಖವಾಗಿ ತಿರುಗಿಸಿ ಕೀಲಿಮಣೆಯ ಮೇಲೆ ಕೂರಿಸಿ, ಟ್ಯಾಬ್‌ನ ಹಾಗೆ ಮಾಡಿಕೊಳ್ಳುವವರಿದ್ದಾರೆ. ಹಿಂಜಿನ ಮೂಲಕ ಹಾಯುವ ಪರದೆಯ ಕೇಬಲ್ ಗಿಡ್ಡ, ನಾಜೂಕು. ವೈಫೈ ಆಂಟೆನಾದ ತಂತಿಯೂ ಅಲ್ಲೇ ಇರುತ್ತದೆ. ಮುಚ್ಚಳ ಮುಚ್ಚಿದೆಯೆಂದು ತಿಳಿದು ಯಂತ್ರ ನಿದ್ದೆ ಹೋಗದಂತೆ ಸೆಟ್ಟಿಂಗ್ ಬದಲಾಯಿಸಬೇಕು. ಇಷ್ಟೆಲ್ಲ ಮಾಡಿದರೂ ಅಷ್ಟೂ ತೂಕ ಮಗುವಿನ ಮುಖದ ಎದುರೇ ಉಳಿಯುತ್ತದೆ. ಮುಂದಿನಿಂದ ಗುದ್ದಿದಾಗ ಮಗುವಿನ ತಲೆ ಹೋಗುವುದು ಆ ಕಡೆಗೇ.

ನನಗೆ ಒಪ್ಪುವುದು ಇನ್ನೊಂದು ದಾರಿ: ತೂಕವನ್ನು ಕೆಳಗಿಟ್ಟು ಚಿತ್ರವನ್ನು ಮಾತ್ರ ಮೇಲಕ್ಕೆ ತರುವುದು. ಲ್ಯಾಪ್‌ಟಾಪನ್ನು ಮುಂದಿನ ಎಡ ಸೀಟಿನ ಹಿಂದೆ ಕಾಲಿಡುವ ಜಾಗದಲ್ಲಿ, ಗಾಳಿಕಿಂಡಿ ಮುಚ್ಚದ ಹಾಗೆ, ಸೀಟಿನ ಕಂಬಿಗೆ ಪಟ್ಟಿಯಿಂದ ಬಿಗಿಯುವುದು. ಅಲ್ಲಿಂದ ಎಚ್‌ಡಿಎಂಐ ಕೇಬಲ್ ಎಳೆದು, ಅದೇ ಸೀಟಿನ ಹೆಡ್‌ರೆಸ್ಟ್ ಸಲಾಕೆಗಳಿಗೆ ಏಳು ಅಥವಾ ಹತ್ತು ಇಂಚಿನ ಹಗುರ ಮಾನಿಟರ್ ಕಟ್ಟುವುದು. ಹೆಡ್‌ರೆಸ್ಟಿಗೆಂದೇ ಮಾಡಿದ ಮಾನಿಟರುಗಳು ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಾರು ಬಿಡಿಭಾಗಗಳ ಪೇಟೆಯಲ್ಲಿ ಸಿಗುತ್ತವೆ. ಅಂಚುಗಳಿಗೆ ಫೋಮ್ ಸುತ್ತಿ. ಪರದೆ ಎಡ ಸೀಟಿನ ಬೆನ್ನಿಗೇ ಇರಲಿ. ಚಾಲಕನ ಕಣ್ಣಿಗೂ ಬೀಳದು, ಒಳಗನ್ನಡಿಗೂ ಅಡ್ಡವಾಗದು. ರಾತ್ರಿ ಬೆಳಕು ಕಡಿಮೆ ಮಾಡಿ, ಇಲ್ಲವಾದರೆ ಗಾಜಿನಲ್ಲಿ ಅದರ ಪ್ರತಿಫಲನ ಓಡಿಸುವವರನ್ನು ಕಾಡುತ್ತದೆ. ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಇರುವ ಕಾರಾದರೆ ಆ ಬದಿಗೆ ಪಟ್ಟಿ ಹಾಯಿಸಬೇಡಿ.

ಪರದೆ ಚೆನ್ನಾಗಿ ಕಾಣಲಿ ಎಂದು ಮಕ್ಕಳು ಬೆಲ್ಟ್ ಬಿಚ್ಚಿ ಮುಂದಕ್ಕೆ ಜಾರುತ್ತಾರೆ. ಬೆಲ್ಟ್ ಬಿಚ್ಚಿದರೆ ಸಿನಿಮಾ ಬಂದ್ ಎಂಬ ನಿಯಮ ಮೊದಲ ದಿನವೇ ಜಾರಿಯಾಗಲಿ. ಮೋಟಾರು ವಾಹನ ಕಾಯ್ದೆಯ 194ಬಿ ಸೆಕ್ಷನ್ ಪ್ರಕಾರ 14 ವರ್ಷದೊಳಗಿನ ಮಗುವಿಗೆ ಬೆಲ್ಟ್ ಅಥವಾ ಮಕ್ಕಳ ಸೀಟು ಹಾಕದೆ ಓಡಿಸಿದರೆ ಸಾವಿರ ರೂಪಾಯಿ ದಂಡ. ಹಿಂದಿನ ಸೀಟಿನಲ್ಲಿ ಬೆಲ್ಟ್ ಇಲ್ಲದಿದ್ದರೆ ಏನಾಗಬಹುದು ಎಂಬುದನ್ನು 2022ರ ಸೆಪ್ಟೆಂಬರಿನಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿ ಅವರ ಸಾವು ದೇಶಕ್ಕೇ ತೋರಿಸಿತು.

ಸದ್ದು ಮತ್ತು ಘಾಟಿ

ಲ್ಯಾಪ್‌ಟಾಪಿನಿಂದ ಕಾರಿನ ಆಕ್ಸ್ ತೂತಿಗೆ ತಂತಿ ಹಾಕಿದರೆ ಕಾರಿನ ಸ್ಪೀಕರಿನಲ್ಲೇ ಸದ್ದು ಬರುತ್ತದೆ. ಜೊತೆಗೆ ಆಕ್ಸಿಲರೇಟರ್ ತುಳಿದಂತೆಲ್ಲ ಏರುವ ‘ಕುಂಯ್’ ಎಂಬ ರಾಗವೂ ಬಂದರೆ ಲ್ಯಾಪ್‌ಟಾಪ್ ಕೆಟ್ಟಿಲ್ಲ. ಚಾರ್ಜರೂ ಆಡಿಯೊ ತಂತಿಯೂ ಎರಡು ದಾರಿಯಲ್ಲಿ ಕಾರಿನ ಮೈಗೆ ಅರ್ತ್ ಆದಾಗ ಆಲ್ಟರ್ನೇಟರಿನ ಗದ್ದಲ ಒಳನುಸುಳುತ್ತದೆ. ನಡುವೆ ಗ್ರೌಂಡ್ ಲೂಪ್ ಐಸೊಲೇಟರ್ ಎಂಬ ಪುಟ್ಟ ಡಬ್ಬಿ ಹಾಕಿದರೆ ನಿಲ್ಲುತ್ತದೆ. ಹೆಡ್‌ಫೋನ್ ಕೊಡುವುದಾದರೆ ಸದ್ದಿಗೆ ಮಿತಿಯಿರುವ ಮಕ್ಕಳ ಮಾದರಿ ಕೊಳ್ಳಿ. ಮಕ್ಕಳಿಗೆ ವಾರಕ್ಕೆ 40 ಗಂಟೆ ಕೇಳುವುದಾದರೆ 75 ಡೆಸಿಬಲ್ ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ. ಓಡುವ ಕಾರಿನ ಗದ್ದಲದಲ್ಲಿ ಮಕ್ಕಳು ಸದ್ದು ಏರಿಸುತ್ತಲೇ ಹೋಗುತ್ತಾರೆ.

ಯಾವ ಯಂತ್ರಕ್ಕೂ ಬಗ್ಗದ ಸಮಸ್ಯೆ ವಾಂತಿ. ಒಳಕಿವಿ ‘ತಿರುಗುತ್ತಿದ್ದೇವೆ, ವಾಲುತ್ತಿದ್ದೇವೆ’ ಎನ್ನುತ್ತದೆ. ಪರದೆಗೆ ಅಂಟಿದ ಕಣ್ಣು ‘ಏನೂ ಅಲುಗುತ್ತಿಲ್ಲ’ ಎನ್ನುತ್ತದೆ. ಈ ತಕರಾರಿನಿಂದಲೇ ಹೊಟ್ಟೆ ತೊಳೆಸುತ್ತದೆ. ಎರಡರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಈ ಕಾಟ ಹೆಚ್ಚು. ಪರದೆ ತೊಡೆಯ ಮಟ್ಟದಲ್ಲಿರುವುದಕ್ಕಿಂತ ಕಣ್ಣಿನ ಮಟ್ಟದಲ್ಲಿದ್ದರೆ ಸ್ವಲ್ಪ ವಾಸಿ, ಏಕೆಂದರೆ ಓರೆಗಣ್ಣಿಗೆ ಕಿಟಕಿಯಾಚೆಯ ಚಲನೆಯೂ ಕಾಣುತ್ತಿರುತ್ತದೆ. ಆದರೂ ಶಿರಾಡಿ, ಚಾರ್ಮಾಡಿ, ಆಗುಂಬೆಯ ತಿರುವುಗಳಲ್ಲಿ ಪರದೆ ಆರಿರಬೇಕು. ಹಾಸನದವರೆಗಿನ ನೇರ ಹೆದ್ದಾರಿಯಲ್ಲಿ ಸಿನಿಮಾ, ಘಾಟಿ ಶುರುವಾದರೆ ಕಿಟಕಿ ಎಂದು ಮೊದಲೇ ಒಪ್ಪಂದ ಮಾಡಿಕೊಳ್ಳಿ. ಮಳೆಗಾಲದ ಚಾರ್ಮಾಡಿಯಲ್ಲಿ ರಸ್ತೆ ಬದಿಗೇ ಇಳಿಯುವ ಝರಿಗಳನ್ನು ಬಿಟ್ಟು ಪರದೆ ನೋಡುವುದು ನಷ್ಟವೇ ಸರಿ. ಕೊಟ್ಟಿಗೆಹಾರದ ನೀರುದೋಸೆಯನ್ನೂ ಘಾಟಿ ಇಳಿಯುವ ಮುನ್ನ ಹಿತಮಿತವಾಗಿ ತಿನ್ನಿಸಿ.

ಪಟ್ಟಿ ಮಾಡುವ ಕೆಲಸ

ಇನ್ನು ಏನು ತುಂಬುವುದು? ಒಟಿಟಿ ಆ್ಯಪ್‌ಗಳ ಡೌನ್‌ಲೋಡ್ ಆ ಆ್ಯಪ್‌ನೊಳಗೇ ಬೀಗ ಹಾಕಿಕೊಂಡಿರುತ್ತದೆ, ಇಲ್ಲಿಗೆ ಬರುವುದಿಲ್ಲ. ಮನೆಯಲ್ಲಿ ಹಳೆಯ ವಿ.ಸಿ.ಡಿ.ಗಳಿರಬಹುದು. ಮೋಸರ್ ಬೇರ್ ಕಂಪನಿ 28 ರೂಪಾಯಿಗೆ ವಿ.ಸಿ.ಡಿ., 34ಕ್ಕೆ ಡಿ.ವಿ.ಡಿ. ಮಾರಿದ ಕಾಲದಲ್ಲಿ ಕೊಂಡವು. ವಿ.ಸಿ.ಡಿ.ಯೊಳಗಿನ ‘ಡ್ಯಾಟ್’ ಕಡತವನ್ನು ನಕಲು ಮಾಡಿಟ್ಟುಕೊಂಡರೆ ವಿಎಲ್‌ಸಿ ನೇರ ತೋರಿಸುತ್ತದೆ. ಡಿಸ್ಕನ್ನೇ ಹಾಕಿ ಓಡಿಸಿದರೆ ಗುಂಡಿಗೊಮ್ಮೆ ಚಿತ್ರ ಎಗರುತ್ತದೆ.

ಬ್ಲೆಂಡರ್ ಫೌಂಡೇಶನ್ ಎಂಬ ಸಂಸ್ಥೆ ತನ್ನ ಉಚಿತ ಅನಿಮೇಷನ್ ತಂತ್ರಾಂಶದ ಶಕ್ತಿ ತೋರಿಸಲು ಕಿರುಚಿತ್ರಗಳನ್ನು ಮಾಡಿ ಎಲ್ಲರಿಗೂ ಮುಕ್ತವಾಗಿ ಬಿಟ್ಟಿದೆ. ದಪ್ಪ ಮೊಲವೊಂದು ಕೀಟಲೆ ಮಾಡುವ ಪ್ರಾಣಿಗಳಿಗೆ ಪಾಠ ಕಲಿಸುವ ‘ಬಿಗ್ ಬಕ್ ಬನ್ನಿ’ (2008) ಸುಮಾರು ಹತ್ತು ನಿಮಿಷದ್ದು. ಅದರಲ್ಲಿ ಮಾತೇ ಇಲ್ಲ, ಆದ್ದರಿಂದ ಯಾವ ಭಾಷೆಯ ಮಗುವಿಗೂ ಹಿಡಿಸುತ್ತದೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್‌ನಲ್ಲಿ ಕನ್ನಡದ ಚಿತ್ರಕಥೆಗಳು ಮುಕ್ತ ಪರವಾನಗಿಯಲ್ಲಿ ಸಿಗುತ್ತವೆ. ಅವನ್ನು ಇಳಿಸಿಕೊಂಡು ಅಜ್ಜಿಯ ದನಿಯಲ್ಲಿ ಓದಿಸಿ ರೆಕಾರ್ಡ್ ಮಾಡಿದರೆ ಪೇಟೆಯಲ್ಲಿ ಸಿಗದ ಮಾಲು ತಯಾರು. ಆಗುಂಬೆ ಕಡೆಗೆ ಹೊರಟಿದ್ದರೆ, ಶಂಕರ್ ನಾಗ್ ಅಲ್ಲೇ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’ನ ಡಿ.ವಿ.ಡಿ. ಇದ್ದವರು ಹೊರಡುವ ಮುನ್ನ ಮನೆಯಲ್ಲೇ ಒಂದು ಕಂತು ತೋರಿಸಬಹುದು. ಊರು ತಲುಪಿದ ಮೇಲೆ ಅದರಲ್ಲಿ ಕಂಡ ದೊಡ್ಡಮನೆ ಯಾವುದೆಂದು ಮಕ್ಕಳೇ ಹುಡುಕಲಿ.

ಮಕ್ಕಳು ಮತ್ತೆ ಮತ್ತೆ ಕೇಳುವುದು ಮಾತ್ರ ಬಹುತೇಕ ತಮ್ಮದೇ ವಿಡಿಯೊಗಳನ್ನು. ಮೊದಲ ಹೆಜ್ಜೆ, ಶಾಲೆಯ ನಾಟಕ, ಚಿಕ್ಕಪ್ಪನ ಮದುವೆ, ತೀರಿಕೊಂಡ ತಾತ ಕೈಬೀಸುವ ಒಂದು ತುಣುಕು. ಮೊಬೈಲಿನಲ್ಲಿ ಸಾವಿರಾರು ಫೋಟೊಗಳ ನಡುವೆ ಹೂತಿರುವ ಇವಕ್ಕೆ ಕೊನೆಗೂ ಒಂದು ಪರದೆ ಸಿಗುತ್ತದೆ.

ಎಷ್ಟು ಹೊತ್ತು? ಎರಡು ವರ್ಷದೊಳಗಿನವರಿಗೆ ಪರದೆಯೇ ಬೇಡ, ಎರಡರಿಂದ ಐದರವರಿಗೆ ದಿನಕ್ಕೆ ಒಂದು ಗಂಟೆ, ಐದರಿಂದ ಹತ್ತರವರಿಗೆ ಎರಡು ಗಂಟೆಯೊಳಗೆ ಎನ್ನುತ್ತದೆ ಭಾರತೀಯ ಮಕ್ಕಳ ತಜ್ಞರ ಅಕಾಡೆಮಿ. ಇದನ್ನು ಪಾಲಿಸಲು ಮೊಬೈಲಾದರೆ ಕಿತ್ತುಕೊಳ್ಳಬೇಕು, ಜಗಳವಾಡಬೇಕು. ಇಲ್ಲಿ ಹಾಗಲ್ಲ. ಹೊರಡುವ ಹಿಂದಿನ ರಾತ್ರಿ ಮಕ್ಕಳನ್ನೇ ಕೂರಿಸಿಕೊಂಡು ವಯಸ್ಸಿನ ಮಿತಿ ಮೀರದ ಪಟ್ಟಿ ಮಾಡಿಸಿ. ಒಂದು ಅಣ್ಣನದು, ಒಂದು ತಂಗಿಯದು. ಪಟ್ಟಿ ಮುಗಿದಾಗ ಪರದೆ ತಾನಾಗಿ ಕಪ್ಪಾಗುತ್ತದೆ. ಬೈಯಲು ಯಾರೂ ಸಿಗದೆ ಜಗಳಕ್ಕೆ ಆಸರೆ ತಪ್ಪುತ್ತದೆ.

ಮಾಡಲೇಬೇಕೆ?

ಎಲ್ಲರೂ ಮಾಡಬೇಕಿಲ್ಲ. ಎಸ್‌ಎಸ್‌ಡಿ, ಕಾರ್ ಚಾರ್ಜರ್, ಮಾನಿಟರ್ ಮೂರನ್ನೂ ಹೊಸದಾಗಿ ಕೊಳ್ಳಬೇಕಾದರೆ ಲೆಕ್ಕ ಹಾಕಿ ನೋಡಿ. ಒಂದು ಸಾಧಾರಣ ಟ್ಯಾಬ್‌ನ ಬೆಲೆ ಹತ್ತಿರ ಬಂದರೆ ಟ್ಯಾಬೇ ಜಾಣತನ. ಅದು ಹಗುರ, ಅದಕ್ಕೆ ಕಾಯುವ ಗುಣವೂ ಕಡಿಮೆ. ಎಸ್‌ಎಸ್‌ಡಿ ಮೊದಲೇ ಇರುವ, ಬ್ಯಾಟರಿ ಊದದ ಲ್ಯಾಪ್‌ಟಾಪ್ ಕೈಲಿದ್ದರೆ ಮಾತ್ರ ಈ ಉಸಾಬರಿ ಲಾಭದ್ದು. ಲಾಭ ಹಣದ್ದಷ್ಟೇ ಅಲ್ಲ: ಲ್ಯಾಪ್‌ಟಾಪೊಂದು ತನ್ನ ಆಯುಷ್ಯದಲ್ಲಿ ಪರಿಸರದ ಮೇಲೆ ಹಾಕುವ ಹೊರೆಯಲ್ಲಿ ಬಹುಪಾಲು ಅದನ್ನು ತಯಾರಿಸುವಾಗಲೇ ಆಗಿಹೋಗಿರುತ್ತದೆ. 2022ರಲ್ಲಿ ಜಗತ್ತು ಎಸೆದ ಇ-ತ್ಯಾಜ್ಯ 6.2 ಕೋಟಿ ಟನ್. ಅದರಲ್ಲಿ ಸರಿಯಾಗಿ ಸಂಗ್ರಹಿಸಿ ಸಂಸ್ಕರಿಸಿದ್ದಕ್ಕೆ ದಾಖಲೆ ಇರುವುದು ಶೇ 22.3ಕ್ಕೆ ಮಾತ್ರ. ಇನ್ನೆರಡು ವರ್ಷ ದುಡಿಯಬಲ್ಲ ಯಂತ್ರವನ್ನು ಆ ರಾಶಿಗೆ ಸೇರಿಸಲು ಅವಸರವಿಲ್ಲ. ದುಡಿಯಲಾರದ್ದನ್ನು ಗುಜರಿಯವನಿಗೆ ಹಾಕದೆ ಅಧಿಕೃತ ಇ-ತ್ಯಾಜ್ಯ ಸಂಗ್ರಹಕ್ಕೇ ಕೊಡಿ.

ಲ್ಯಾಪ್‌ಟಾಪೋ ಟ್ಯಾಬೋ, ಆಯ್ಕೆ ನಿಮ್ಮದು. ಸಿಮ್ ಇಲ್ಲದ, ಪಟ್ಟಿಯನ್ನು ಮನೆಯಲ್ಲೇ ಮುಗಿಸಿಕೊಂಡ, ಘಾಟಿ ಬಂದಾಗ ಆರಿಸುವ ಪರದೆ ಯಾವುದಿದ್ದರೂ ನಡೆಯುತ್ತದೆ. ಹೊಸ ಕಾರಿನ ಜೊತೆ ಲಕ್ಷದ ಲೆಕ್ಕದಲ್ಲಿ ಬರುವ ಹಿಂಬದಿ ಮನರಂಜನೆಯಲ್ಲೂ ಈ ಮೂರನ್ನು ಕಾರ್ಖಾನೆ ಕೂರಿಸಿ ಕೊಡುವುದಿಲ್ಲ. ಅದನ್ನು ಮನೆಯವರೇ ಮಾಡಿಕೊಳ್ಳಬೇಕು.